ಅರವತ್ತು ಒಳಗೆ, ಎಂಬತ್ತು ಹೊರಗೆ

"ನಾನು ಬಾಟ್ಲಿ ಅದಲು ಬದಲು ಮಾಡಿದ್ದೀನಿ ಅಂತ ವರದಿಯಲ್ಲಿ ಬರೆದಿದ್ದೀರಾ, ಇಲ್ವಾ? ಹೌದು ಅನ್ನಿ, ಇಲ್ಲ ಅನ್ನಿ. ಕತೆ ಬೇಡ."

"ಹಾಗಂತ ಬರೆದಿಲ್ಲ. ಸ್ಯಾಂಪಲ್ ತೆಗೆಯೋವಾಗ ತಪ್ಪಾಗಿರಬಹುದು ಅಂತ..."

"ಈ ಪ್ಲಾಂಟಲ್ಲಿ ಸ್ಯಾಂಪಲ್ ತೆಗೆಯೋರು ಎಷ್ಟು ಜನ?"

ಅವಳು ಮೇಜಿನ ಮೇಲಿದ್ದ ವರದಿಯ ಪುಟ ತಿರುವಿದಳು.

"ಒಬ್ಬನೇ. ಹೆಸರು ಬರೀದೇನೇ ನನ್ನನ್ನ ಬರೆದಿದ್ದೀರಿ. ಓದಿದೋರ ಜಾಣತನ ಅಂದ್ರೆ ಇದೇ ಇರಬೇಕು."

ಪಕ್ಕದ ಕೋಣೆಯಲ್ಲಿ ಗಾಳಿ ಊದುವ ಯಂತ್ರಗಳು ಗುಡುಗುತ್ತಿದ್ದವು. ಮೇಜಿನ ಮೇಲಿನ ನೀರಿನ ಲೋಟ ಆ ಸದ್ದಿಗೆ ಸಣ್ಣಗೆ ನಡುಗುತ್ತಿತ್ತು. ಅವಳು ಅಂಕಿಗಳಿದ್ದ ಪುಟವನ್ನು ಅವನ ಕಡೆ ತಿರುಗಿಸಿದಳು.

"ನೀವೇ ನೋಡಿ. ನೀರು ಒಳಗೆ ಬರೋವಾಗ ಔಷಧ ಲೀಟರಿಗೆ ಅರವತ್ತು ನ್ಯಾನೋಗ್ರಾಂ. ಹೊರಗೆ ಹೋಗೋವಾಗ ಎಂಬತ್ತು. ಈ ಔಷಧ ಅಳೆಯೋಕೆ ಶುರು ಮಾಡಿದ ಮೂರು ತಿಂಗಳಿಂದ ಹೀಗೇ. ಕೊಳಚೆ ತೊಟ್ಟಿ ಔಷಧ ತಯಾರು ಮಾಡುತ್ತಾ?"

"ನನಗೆ ಗೊತ್ತಿಲ್ಲ. ನಾನು ತುಂಬಿಸೋನು, ಲೆಕ್ಕ ಹಾಕೋರು ನೀವು. ಆ ಲೆಕ್ಕ ತಪ್ಪಿರಬಹುದು ಅಂತ ಒಂದು ಸಲನಾದ್ರೂ ಅನ್ನಿಸ್ತಾ?"

"ಮಾಡೆಲ್ಲನ್ನ ಹತ್ತು ಸಲ ನೋಡಿದ್ದೀನಿ."

"ನನ್ನನ್ನ ಒಂದು ಸಲ ಕೇಳಲಿಲ್ಲ."

ಅವನು ಜೇಬಿನಿಂದ ಬೀಗದ ಕೈಗಳನ್ನು ತೆಗೆದು ಮೇಜಿನ ಮೇಲಿಟ್ಟ. ಎಸೆಯಲಿಲ್ಲ. ಎಸೆದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ.

"ಬರೋ ಶುಕ್ರವಾರ ವಿಚಾರಣೆಯಂತೆ. ಅಲ್ಲಿವರೆಗೂ ಒಳಗೆ ಕಾಲಿಡಬಾರದಂತೆ. ಐದು ವರ್ಷ ಈ ನಾತದಲ್ಲಿ ನಿಂತಿದ್ದೀನಿ ಮೇಡಂ, ಮೈಗೆ ಹತ್ತಿರಲಿಲ್ಲ. ಇವತ್ತು ಹತ್ತಿತು."

ಅವನು ಹೋದ. ಅವಳು ಕರೆಯಬೇಕೆಂದುಕೊಂಡಳು. ಕರೆಯುವ ಬದಲು ಬೀಗದ ಕೈಗಳನ್ನು ಎತ್ತಿ ಡ್ರಾಯರಿಗೆ ಹಾಕಿದಳು.

ಊರಿನ ಕೊಳಚೆ ನೀರೆಲ್ಲ ಬಂದು ಸೇರುವ ಪ್ಲಾಂಟು ಅದು. ನೀರು ಮೊದಲು ಜಾಲರಿ ದಾಟಿ, ಒಂದು ತೊಟ್ಟಿಯಲ್ಲಿ ನಿಂತು ತಿಳಿಯಾಗಿ, ಗಾಳಿ ಊದುವ ತೊಟ್ಟಿಯಲ್ಲಿ ಕುದಿಯುವಂತೆ ನೊರೆಯೆದ್ದು, ಮತ್ತೊಂದು ತೊಟ್ಟಿಯಲ್ಲಿ ಕೆಸರು ಬಿಟ್ಟು, ಕೊನೆಗೆ ಹೊಳೆಗೆ ಹೋಗುತ್ತಿತ್ತು. ಹೊಳೆಯ ಕೆಳಗಿನ ಊರಿನವರು ಕುಡಿಯುವುದು ಅದೇ ನೀರನ್ನು.

ಜನ ನುಂಗುವ ಮಾತ್ರೆಗಳ ಔಷಧ ಈ ನೀರಿನಲ್ಲಿ ಇರುತ್ತದೆ. ಅದರಲ್ಲಿ ಗಾಳಿಗೆ ಹಾರುವುದೆಷ್ಟು, ಕೆಸರಿಗೆ ಅಂಟುವುದೆಷ್ಟು, ಸೂಕ್ಷ್ಮಾಣುಗಳು ತಿನ್ನುವುದೆಷ್ಟು, ಉಳಿದು ಹೊಳೆ ಸೇರುವುದೆಷ್ಟು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುವುದು ಅವಳ ಕೆಲಸ. ಆ ಲೆಕ್ಕಕ್ಕೇ ಮಾಡೆಲ್ ಎನ್ನುತ್ತಾರೆ. ಪ್ಲಾಂಟಿನವರು ಅವಳನ್ನು 'ಲೆಕ್ಕದ ಮೇಡಂ' ಎನ್ನುತ್ತಿದ್ದರು.

ಅವನನ್ನು 'ಬಾಟ್ಲಿ' ಎನ್ನುತ್ತಿದ್ದರು. ಹೆಸರು ಕೇಳಿ ನಗಬೇಡಿ. ಸೋಡಾ ಕುಡಿದರೂ ಕೆಮ್ಮುವ ಮನುಷ್ಯ ಅವನು. ಸ್ಯಾಂಪಲ್ ಬಾಟಲಿಗಳ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ತಿರುಗುತ್ತಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು.

ಎಂಟು ತಿಂಗಳ ಹಿಂದೆ ಅವಳು ಹೊಸದಾಗಿ ಬಂದಾಗ ತೊಟ್ಟಿಯ ಮೇಲಿನ ಕಿರುದಾರಿಯಲ್ಲಿ ನಡೆಯುವುದನ್ನು ಕಲಿಸಿದವನು ಅವನೇ. "ನೀರು ನೋಡಬೇಡಿ, ನನ್ನ ಬೆನ್ನು ನೋಡ್ಕೊಂಡು ಬನ್ನಿ" ಎಂದಿದ್ದ. ಅಂದಿನಿಂದ ಅವಳು ಅವನ ಬೆನ್ನನ್ನೇ ನೋಡಿಕೊಂಡು ನಡೆದಳು. ದಾರಿ ಅಭ್ಯಾಸವಾದ ಮೇಲೂ.

ಒಮ್ಮೆ ಮಾತಿಗೆ ಅವಳು, ಒಳಬಂದ ನೀರು ಹೊರಬೀಳೋದಕ್ಕೆ ಹದಿನಾಲ್ಕು ಗಂಟೆ ಬೇಕು, ಒಂದೇ ಹೊತ್ತಿಗೆ ಎರಡೂ ಕಡೆ ತುಂಬಿಸಿದರೆ ಅದು ಬೇರೆ ಬೇರೆ ನೀರು ಎಂದಿದ್ದಳು. ಮರುದಿನದಿಂದ ಅವನು ಬೆಳಗ್ಗೆ ಆರಕ್ಕೆ ಒಳಬರುವ ನೀರನ್ನೂ ಸಂಜೆ ಎಂಟಕ್ಕೆ ಹೊರಹೋಗುವ ನೀರನ್ನೂ ತುಂಬಿಸತೊಡಗಿದ. ಅವನ ಪಾಳಿ ಮುಗಿಯುತ್ತಿದ್ದುದು ಮಧ್ಯಾಹ್ನ ಎರಡಕ್ಕೆ. ಸಂಜೆ ಮತ್ತೆ ಬಾ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಹಾಗಿದ್ದರೂ ಅವಳು ಅನುಮಾನಪಟ್ಟಳು. ಯಾಕೆ?

ನಾನು ನೇರವಾಗಿ ಹೇಳಿಬಿಡುತ್ತೇನೆ. ಊರೊಳಗಿನ ಅವಳ ಕಚೇರಿಯಲ್ಲಿ ಅವಳ ಬಗ್ಗೆ ಆಗಲೇ ಪಿಸುಮಾತು ಎದ್ದಿತ್ತು. "ಲೆಕ್ಕದ ಮೇಡಂಗೆ ಪ್ಲಾಂಟಿನ ನಾತ ಹಿಡಿಸಿಬಿಟ್ಟಿದೆ" ಎಂದು ಯಾರೋ ನಕ್ಕಿದ್ದರು. ಸಾಹೇಬರು, ಅಂದರೆ ಅವಳ ಮೇಲಿನ ದೊಡ್ಡ ಎಂಜಿನಿಯರು, "ಬಾಟ್ಲಿ ಕೈ ತಪ್ಪಿರಬೇಕು, ಅಲ್ವೇನಮ್ಮಾ?" ಎಂದು ಕೇಳಿದಾಗ, ಇಲ್ಲ ಎಂದರೆ ಅವನ ಪರ ವಹಿಸಿದಂತಾಗುತ್ತದೆ ಎಂದು ಹೆದರಿ, "ಇರಬಹುದು ಸಾರ್" ಎಂದಳು, ವರದಿಯಲ್ಲೂ ಹಾಗೇ ಬರೆದಳು. ತಾನು ನಿಷ್ಪಕ್ಷಪಾತಿ ಎಂದು ತೋರಿಸಿಕೊಳ್ಳಲು ಹೋಗಿ ಮನೆಯವರ ಕುತ್ತಿಗೆಗೇ ಕತ್ತಿ ಇಡುವವರನ್ನು ನಾನು ಬಹಳ ನೋಡಿದ್ದೇನೆ. ಇವಳು ಅದನ್ನೇ ಮಾಡಿದಳು.

"ಊಟ ಬಿಟ್ಟು ತಟ್ಟೆಗೆ ಗೀರು ಹಾಕ್ತಿದ್ದೀಯಲ್ಲೇ" ಎಂದಳು ಚಿಕ್ಕಮ್ಮ ಆ ಸಂಜೆ. ತಾಯಿಯಿಲ್ಲದ ಇವಳನ್ನು ಸಾಕಿದವಳು ಆಕೆಯೇ. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಮೂವತ್ತು ವರ್ಷ ಮಾತ್ರೆ ಕೊಟ್ಟು ನಿವೃತ್ತಳಾದವಳು. "ಯಾರ ಮೇಲೆ ಸಿಟ್ಟು?"

"ಯಾರ ಮೇಲೂ ಇಲ್ಲ."

"ಹಾಗಾದ್ರೆ ನಿನ್ನ ಮೇಲೇ. ಅದು ಬೇಗ ಇಳಿಯೋ ಜ್ವರ ಅಲ್ಲ."

ಅವಳು ತಟ್ಟೆ ಸರಿಸಿ ಎದ್ದು, ಅವನು ತುಂಬಿಸಿದ ಸ್ಯಾಂಪಲ್ ಹಾಳೆಗಳನ್ನು ಹರಡಿಕೊಂಡು ಕೂತಳು. ಹುಡುಕುತ್ತಿದ್ದುದು ಅವನ ತಪ್ಪನ್ನು. ತಪ್ಪು ಸಿಕ್ಕಿಬಿಟ್ಟರೆ ತಾನು ಬರೆದದ್ದು ನಿಜವಾಗುತ್ತದೆ, ಎದೆ ಹಗುರಾಗುತ್ತದೆ...

ದಿನಾಂಕ, ಹೊತ್ತು, ನೀರಿನ ಬಿಸಿ, ಕೊನೆಯಲ್ಲಿ ಷರಾ. ದುಂಡಗಿನ ಅಕ್ಷರ, ಒಂದು ಚಿತ್ತಿಲ್ಲ. 'ಮೋಡ.' 'ನೊರೆ ಜಾಸ್ತಿ.' 'ಎರಡನೇ ಪಂಪು ನಿಂತಿತ್ತು.' 'ಲೆಕ್ಕದವರು ಬಂದಿಲ್ಲ.'

ಅವಳ ಬೆರಳು ನಿಂತಿತು.

ಹಾಳೆ ತಿರುವಿದಳು. 'ಬಿಸಿಲು.' 'ಲೆಕ್ಕದವರು ಬಂದಿಲ್ಲ.' ಮತ್ತೆ ಮೂರು ಹಾಳೆ ಬಿಟ್ಟು, 'ನೀರು ತಿಳಿ. ಇವತ್ತೂ ಬಂದಿಲ್ಲ.'

ಎಂಟು ತಿಂಗಳ ಹಾಳೆಗಳಲ್ಲಿ ಅವಳು ಹೋಗದ ಒಂದು ದಿನವೂ ತಪ್ಪಿರಲಿಲ್ಲ. ಮೋಡ ಬಿಸಿಲುಗಳ ಪಕ್ಕದಲ್ಲಿ ಅವನು ಅದನ್ನು ಬರೆದಿಟ್ಟಿದ್ದ. ಅವಳು ಪ್ರತಿ ವಾರ ಅಂಕಿಗಳನ್ನಷ್ಟೇ ನಕಲು ಮಾಡಿಕೊಂಡು ಹಾಳೆಗಳನ್ನು ಮಡಿಸಿಡುತ್ತಿದ್ದಳು.

'ಇಂಥವನು ಬಾಟಲಿ ಅದಲು ಬದಲು ಮಾಡುತ್ತಾನಾ?'

ಆದರೆ ಅರವತ್ತು ಎಂಬತ್ತಾಗುವುದು ಹೇಗೆ? ಮನಸ್ಸು ಒಂದು ಕಡೆ ಎಳೆಯಿತು, ಅಂಕಿ ಇನ್ನೊಂದು ಕಡೆ.

ಭಾನುವಾರ ಬೆಳಗ್ಗೆ ಐದೂವರೆಗೆ ಅವಳು ಪ್ಲಾಂಟಿನ ಗೇಟಿನಲ್ಲಿದ್ದಳು. ಹೆಗಲ ಮೇಲೆ ಅವನ ಡಬ್ಬಿ.

ಗೇಟಿನ ತಾತ ಬಾಗಿಲು ತೆಗೆಯುವುದಕ್ಕೆ ಬೇಕೆಂದೇ ತಡ ಮಾಡಿದ. "ಏನಮ್ಮಾ, ಅವನನ್ನ ಓಡಿಸಿ ನೀನೇ ಬಾಟ್ಲಿ ಆಗಿಬಿಟ್ಯಾ?"

"ಮೂರು ದಿನ ನಾನೇ ತುಂಬಿಸ್ತೀನಿ ತಾತಾ."

"ತುಂಬಿಸು, ತುಂಬಿಸು. ಬಿದ್ದುಗಿದ್ದೀಯಾ. ಎತ್ತೋನು ಮನೇಲಿ ಕೂತಿದ್ದಾನೆ."

ಅವಳು ತುಟಿ ಕಚ್ಚಿಕೊಂಡು ಒಳಗೆ ನಡೆದಳು. ಕಿರುದಾರಿ ಒದ್ದೆಯಾಗಿತ್ತು. ಮುಂದೆ ನೋಡಿಕೊಂಡು ಹೋಗಲು ಬೆನ್ನಿರಲಿಲ್ಲ. ಉದ್ದ ಕೋಲಿನ ತುದಿಗೆ ಲೋಟ ಕಟ್ಟಿ ನೀರಿಗೆ ಇಳಿಸಿ ಎತ್ತುವಾಗ ತೋಳು ಸೇದಿತು. ಮೊದಲ ಬಾಟಲಿ ಜಾರಿ ಒಡೆಯಿತು. ಎರಡನೆಯದನ್ನು ತುಂಬಿಸಿ, ಚೀಟಿ ಅಂಟಿಸಿ, ಐಸಿನಲ್ಲಿಟ್ಟಳು. ಸಂಜೆ ಎಂಟಕ್ಕೆ ಮತ್ತೆ ಬಂದು ಹೊರಹೋಗುವ ನೀರನ್ನು ತುಂಬಿಸಿದಳು. ಮೂರು ದಿನ ಹೀಗೇ. ಮೂರನೇ ದಿನ ಭುಜದ ಮೇಲೆ ಡಬ್ಬಿಯ ಪಟ್ಟಿ ಕೆಂಪಗೆ ಬರೆ ಎಳೆದಿತ್ತು.

'ದಿನಾ ಎರಡು ಸಲ... ಒಂದು ದಿನವೂ ಹೇಳಿಕೊಳ್ಳಲಿಲ್ಲವಲ್ಲ.'

ಬುಧವಾರ ಮಧ್ಯಾಹ್ನ ಲ್ಯಾಬಿನಿಂದ ಫಲಿತಾಂಶ ಬಂತು.

ಒಳಗೆ ಐವತ್ತೆಂಟು, ಹೊರಗೆ ಎಂಬತ್ತೊಂದು. ಒಳಗೆ ಅರವತ್ತೆರಡು, ಹೊರಗೆ ಎಪ್ಪತ್ತೊಂಬತ್ತು. ಒಳಗೆ ಅರವತ್ತು, ಹೊರಗೆ ಎಂಬತ್ತು.

ಅವಳೇ ತುಂಬಿಸಿದ ಬಾಟಲಿಗಳು. ಅವಳೇ ಬರೆದು ಅಂಟಿಸಿದ ಚೀಟಿ.

ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಕನ್ನಡಿ ನೋಡಲು ಧೈರ್ಯ ಸಾಲಲಿಲ್ಲ.

"ನಿರಪರಾಧಿ ಚಿಕ್ಕಮ್ಮಾ ಅವನು" ಎಂದಳು ಮನೆಗೆ ಬಂದು, ಚಪ್ಪಲಿ ಕೂಡ ಬಿಡದೆ. "ಆದರೆ ಶುಕ್ರವಾರ ನಾನು ಏನಂತ ಹೇಳಲಿ? ಯಾಕೆ ಹೀಗೆ ಅಂತ ಕೇಳಿದ್ರೆ ಗೊತ್ತಿಲ್ಲ ಅಂತ ಹೇಳೋದಾ? ಒಪ್ಪಲ್ಲ ಅವರು. ಕೊಳಚೆ ನೀರಲ್ಲಿ ಔಷಧ ಹುಟ್ಟುತ್ತೆ ಅಂದ್ರೆ ಯಾರು ನಂಬ್ತಾರೆ?"

"ಯಾವ ಔಷಧನೇ ಅದು?"

"ಮೂರ್ಛೆ ರೋಗಕ್ಕೆ ಕೊಡ್ತಾರಲ್ಲ, ಅದು."

"ಅದು ಮೈಯಿಂದ ಹೊರಗೆ ಬರೋವಾಗ ಹೇಗೆ ಬರುತ್ತೆ ಅಂತ ನಿನಗೆ ಗೊತ್ತಾ?"

"ಹೇಗೆ ಅಂದ್ರೆ? ಔಷಧ ಔಷಧವಾಗೇ ಬರುತ್ತೆ."

"ಬಂತು ನಿನ್ನ ತಲೆ." ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. "ಲಿವರ್ ಸುಮ್ನೆ ಕೂತಿರುತ್ತಾ? ನುಂಗಿದ್ದರಲ್ಲಿ ಸ್ವಲ್ಪಕ್ಕೆ ಸಕ್ಕರೆ ಥರದ್ದು ಒಂದನ್ನ ಅಂಟಿಸಿ, ನೀರಲ್ಲಿ ಸಲೀಸಾಗಿ ಕರಗೋ ಹಾಗೆ ಮಾಡಿ ಹೊರಗೆ ಹಾಕುತ್ತೆ. ಆಗ ಅದರ ವೇಷನೇ ಬೇರೆ. ನಿಮ್ಮ ಲ್ಯಾಬಿನವರು ಆ ವೇಷದ್ದನ್ನ ಲೆಕ್ಕಕ್ಕೆ ಹಿಡೀತಾರಾ?"

ಅವಳು ಲ್ಯಾಬಿನ ಫಲಿತಾಂಶದ ಹಾಳೆ ತೆಗೆದು ಮತ್ತೆ ಓದಿದಳು.

ಹಿಡಿಯುತ್ತಿರಲಿಲ್ಲ. ಲ್ಯಾಬಿನವರು ನೋಡುತ್ತಿದ್ದುದು ಬರಿಯ ಔಷಧವನ್ನು. ಸಕ್ಕರೆ ಅಂಟಿಸಿಕೊಂಡು ಬಂದದ್ದು ಯಾರ ಕಣ್ಣಿಗೂ ಬೀಳದೆ ತೊಟ್ಟಿ ಸೇರುತ್ತಿತ್ತು. ಅಲ್ಲಿ ಸೂಕ್ಷ್ಮಾಣುಗಳು ಆ ಸಕ್ಕರೆಯನ್ನು ಕಚ್ಚಿ ತಿನ್ನುತ್ತಿದ್ದವು. ಔಷಧ ಮತ್ತೆ ಬರಿಯ ಔಷಧವಾಗಿ ಹೊರಗೆ ಹೋಗುತ್ತಿತ್ತು. ತೊಟ್ಟಿ ಏನನ್ನೂ ತಯಾರಿಸುತ್ತಿರಲಿಲ್ಲ. ಬಿಚ್ಚುತ್ತಿತ್ತು, ಅಷ್ಟೇ.

ಅವಳ ಮಾಡೆಲ್ಲಿನಲ್ಲಿ ಗಾಳಿಗೆ ಜಾಗವಿತ್ತು, ಕೆಸರಿಗೆ ಜಾಗವಿತ್ತು. ಇದಕ್ಕೆ ಜಾಗವೇ ಇರಲಿಲ್ಲ. ಎಂಜಿನಿಯರಿಂಗ್ ಓದಿದವಳು. ಅವಳ ಲೆಕ್ಕ ಕೊಳವೆಯಿಂದ ಶುರುವಾಗುತ್ತಿತ್ತು. ಕೊಳವೆಗೂ ಮೊದಲು ಒಂದು ಮನುಷ್ಯನ ಮೈ ಇದೆ ಎಂಬುದನ್ನು ಅವಳು ಯೋಚಿಸಿರಲಿಲ್ಲ.

ಗುರುವಾರ ಲ್ಯಾಬಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತು, ಒಳಬರುವ ನೀರಿಗೆ ಆ ಸಕ್ಕರೆಯ ಅಂಟು ಬಿಡಿಸುವ ಕಿಣ್ವದ ರಸ ಹಾಕಿ ಮತ್ತೆ ಅಳೆಯಿರಿ ಎಂದು ಗೋಗರೆದಳು. ಸಂಜೆ ಉತ್ತರ ಬಂತು. ಎಂಬತ್ತಮೂರು.

ಅರವತ್ತಲ್ಲ, ಎಂಬತ್ತಮೂರು ಒಳಗೆ ಬಂದು ಎಂಬತ್ತು ಹೊರಗೆ ಹೋಗುತ್ತಿತ್ತು. ಮೂರು ತಿಂಗಳ ಅವನ ಬಾಟಲಿಗಳು ಒಂದೂ ತಪ್ಪಿರಲಿಲ್ಲ.

ಅವಳು ಅತ್ತಳು. ಸಂತೋಷಕ್ಕಲ್ಲ.

ಶುಕ್ರವಾರ ಹನ್ನೊಂದಕ್ಕೆ ವಿಚಾರಣೆ. ಉದ್ದನೆ ಮೇಜಿನ ಆಚೆ ಸಾಹೇಬರು, ಅವರ ಎರಡೂ ಕಡೆ ಒಬ್ಬೊಬ್ಬ ಅಧಿಕಾರಿ. ಈಚೆ ಒಂದೇ ಕುರ್ಚಿ. ಅದರಲ್ಲಿ ಅವನು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಅವಳು ಒಳಬಂದಾಗ ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಮನೆಯಲ್ಲಿ ಅವನದೊಂದೇ ದುಡಿಮೆ. ಕಣ್ಣ ಕೆಳಗೆ ಆ ಆರು ದಿನ ಕಪ್ಪಾಗಿ ಕೂತಿದ್ದವು.

"ತಪ್ಪಾಯ್ತು ಅಂತ ಒಂದು ಸಾಲು ಬರ್ಕೊಡಯ್ಯಾ" ಎನ್ನುತ್ತಿದ್ದರು ಸಾಹೇಬರು. "ಪಂಪ್ ಮನೆಗೆ ಹಾಕ್ತೀನಿ. ಬಾಟ್ಲಿ ಮುಟ್ಟಬೇಡ, ಅಷ್ಟೇ."

"ತಪ್ಪು ಮಾಡಿದ್ರೆ ಬರ್ಕೊಡ್ತಿದ್ದೆ ಸಾರ್."

"ಸ್ಯಾಂಪಲ್ ಸರಿ ಇದೆ ಸಾರ್" ಎಂದಳು ಅವಳು, ಬಾಗಿಲಲ್ಲಿ ನಿಂತೇ. "ಮಾಡೆಲ್ ತಪ್ಪು. ನನ್ನದು."

ಅವನು ತಿರುಗಿ ನೋಡಿದ.

ಅವಳು ತಾನೇ ತುಂಬಿಸಿದ ಬಾಟಲಿಗಳ ಫಲಿತಾಂಶವನ್ನು ಮೇಜಿನ ಮೇಲಿಟ್ಟಳು. ಅಂಟು ಬಿಡಿಸಿ ಅಳೆದದ್ದನ್ನು ಅದರ ಪಕ್ಕದಲ್ಲಿಟ್ಟಳು. ಚಿಕ್ಕಮ್ಮ ಹೇಳಿಕೊಟ್ಟ ಹಾಗೇ, ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಹೇಳಿದಳು. ಆಮೇಲೆ ಸಾಹೇಬರನ್ನು ಬಿಟ್ಟು ಅವನ ಕಡೆ ತಿರುಗಿದಳು.

"ಬರೆಯೋಕೆ ಮುಂಚೆ ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಜನ ಏನಂತಾರೋ ಅಂತ ಹೆದರಿದೆ. ತಪ್ಪಾಯ್ತು."

ಅವನು ಮೇಜಿನ ಮೇಲಿನ ಹಾಳೆಗಳನ್ನು ತನ್ನ ಕಡೆ ಎಳೆದುಕೊಂಡು ಅಂಕಿಗಳನ್ನು ನೋಡಿದ.

ಸಾಹೇಬರು ಕನ್ನಡಕ ತೆಗೆದರು. "ಸರಿನಮ್ಮಾ. ಹಾಗಾದ್ರೆ ಊರಿಗೆ ಏನಂತ ಹೇಳೋಣ? ನಮ್ಮ ಪ್ಲಾಂಟಿಂದ ಔಷಧ ಜಾಸ್ತಿಯಾಗಿ ಹೊಳೆಗೆ ಹೋಗುತ್ತೆ ಅಂತಲಾ?"

"ಜಾಸ್ತಿ ಆಗಲ್ಲ. ಕಡಿಮೆಯೂ ಆಗಲ್ಲ. ನಾವು ಅದನ್ನ ತೆಗೀತಿಲ್ಲ, ಅದನ್ನ ಹೇಳೋಣ. ಕೆಳಗಿನ ಊರಿನವರು ಅದೇ ನೀರು ಕುಡಿಯೋದು."

"ಅದಕ್ಕೇ ಹೇಳಬಾರದು." ಸಾಹೇಬರು ಒಂದು ಹಾಳೆಯ ಮೇಲೆ ಎರಡು ಸಾಲು ಗೀಚಿ ಮುಂದೆ ತಳ್ಳಿದರು. "ನೋಡು. ಸಾಗಿಸೋವಾಗ ಬಿಸಿಲಿಗೆ ಸ್ಯಾಂಪಲ್ ಕೆಟ್ಟಿತ್ತು. ಯಾರ ತಪ್ಪೂ ಇಲ್ಲ, ಬಿಸಿಲಿನ ತಪ್ಪು. ಬಿಸಿಲಿನ ಮೇಲೆ ಯಾರೂ ಕೇಸು ಹಾಕಲ್ಲ. ಇಬ್ಬರೂ ಸಹಿ ಹಾಕಿ. ಇವನು ಸೋಮವಾರದಿಂದ ಕೆಲಸಕ್ಕೆ ಬರ್ತಾನೆ. ನಿನ್ನ ಗುತ್ತಿಗೆ ಕೆಲಸ ಇನ್ನೂ ಎರಡು ವರ್ಷ ಮುಂದುವರಿಯುತ್ತೆ. ಮೂರು ತಿಂಗಳ ಅಂಕಿ ಕಸದ ಬುಟ್ಟಿಗೆ."

ಅವಳು ಪೆನ್ನು ಹಿಡಿದುಕೊಂಡಳು.

ಸಹಿ ಹಾಕಿದರೆ ಅವನ ಕೆಲಸ ಉಳಿಯುತ್ತದೆ. ಹಾಕದಿದ್ದರೆ ಎರಡನೇ ಸಲವೂ ಅವಳ ಕೈಯಿಂದಲೇ ಹೋಗುತ್ತದೆ. ಒಂದು ವಾರದ ಹಿಂದಾಗಿದ್ದರೆ ಅವನ ಒಳ್ಳೆಯದಕ್ಕೇ ಎಂದು ತಾನೇ ನಿರ್ಧರಿಸಿಬಿಡುತ್ತಿದ್ದಳು.

"ನೀವು ಹೇಳಿ" ಎಂದಳು ಅವನಿಗೆ. "ಇದು ನಿಮ್ಮ ಕೆಲಸ. ನೀವು ಹಾಕು ಅಂದ್ರೆ ಹಾಕ್ತೀನಿ."

ಅವನು ಹಾಳೆ ಎತ್ತಿಕೊಂಡು ಓದಿದ. ಎರಡು ಸಾಲು ಓದಲು ಬಹಳ ಹೊತ್ತು ತೆಗೆದುಕೊಂಡ.

"ಐಸ್ ಡಬ್ಬಿ ಹೊತ್ತಿದ್ದು ನಾನು ಸಾರ್. ಒಂದು ಬಾಟ್ಲಿನೂ ಕೆಟ್ಟಿರಲಿಲ್ಲ."

"ಯೋಚನೆ ಮಾಡಿ ಮಾತಾಡು. ಈ ಬಾಗಿಲು ದಾಟಿದ್ರೆ ಮತ್ತೆ ಕರೆಯಲ್ಲ."

"ಕರೀಬೇಡಿ ಸಾರ್." ಅವನು ಹಾಳೆಯನ್ನು ಇದ್ದಲ್ಲೇ ಇಟ್ಟು ಎದ್ದ. ಕುರ್ಚಿಯನ್ನು ಮೇಜಿನ ಒಳಗೆ ಸರಿಸಿ ಹೊರಗೆ ಹೋದ.

ಅವಳು ಪೆನ್ನಿನ ಮುಚ್ಚಳ ಹಾಕಿದಳು. ತಾನು ತಿದ್ದಿ ಬರೆದ ವರದಿಯ ಒಂದು ಪ್ರತಿಯನ್ನು ಸಾಹೇಬರ ಮುಂದಿಟ್ಟು, ಇನ್ನೊಂದನ್ನು ಎದೆಗೆ ಅವಚಿಕೊಂಡಳು.

"ಅದು ಎಲ್ಲಿಗೆ?"

"ಕೆಳಗಿನ ಊರಿನ ನೀರಿನ ಕಚೇರಿಗೆ. ಅವರು ಕುಡಿಯೋದರ ಲೆಕ್ಕ ಅವರ ಹತ್ರ ಇರಲಿ."

"ಹೋದ್ರೆ ಹೋದ ಹಾಗೇ, ತಿಳ್ಕೋ."

"ತಿಳೀತು ಸಾರ್."

ಆ ಕಟ್ಟಡಕ್ಕೆ ಅವಳು ಮತ್ತೆ ಕಾಲಿಡಲಿಲ್ಲ. ಅವನೂ ಇಡಲಿಲ್ಲ.

ಹೊರಗೆ ಬಿಸಿಲು ಸುಡುತ್ತಿತ್ತು. ಅವನು ಆಗಲೇ ರಸ್ತೆಯ ತಿರುವು ತಲುಪಿದ್ದ. ಅವಳು ಓಡಿದಳು. ಓಡುವುದು ಅವಳಿಗೆ ಬರುತ್ತಿರಲಿಲ್ಲ. ಚಪ್ಪಲಿಯ ಸದ್ದಿಗೆ ಅವನು ನಿಂತ, ಆದರೆ ತಿರುಗಲಿಲ್ಲ.

"ಯಾಕೆ ಬಂದ್ರಿ? ಒಳಗೇ ತಪ್ಪಾಯ್ತು ಅಂದ್ರಲ್ಲ. ಮುಗೀತು."

"ಅದು ಮುಗೀತು. ಇದು ಬೇರೆ ಮಾತು."

"ಯಾವುದು?"

ಇಡೀ ವರದಿಯನ್ನು ಬಾಯಿಪಾಠ ಒಪ್ಪಿಸಬಲ್ಲವಳಿಗೆ ಒಂದು ವಾಕ್ಯ ಕೂಡಿಸಲು ಆಗಲಿಲ್ಲ. ಏದುಸಿರು ಬೇರೆ.

"ನಾನು... ಪ್ಲಾಂಟಿಗೆ ತಿಂಗಳಿಗೆ ಎರಡು ಸಲ ಬಂದರೆ ಸಾಕಾಗಿತ್ತು. ನನ್ನ ಕೆಲಸಕ್ಕೆ ಅಷ್ಟೇ ಬೇಕಿತ್ತು."

ಅವನು ಈಗ ತಿರುಗಿದ. "ವಾರಕ್ಕೆ ನಾಲ್ಕು ದಿನ ಬರ್ತಿದ್ರಿ."

"ಹೌದು."

"ಅಂಕಿ ಸರಿ ನೋಡೋಕೆ ಅಂದ್ಕೊಂಡಿದ್ದೆ."

"ಲ್ಯಾಬಿನ ಅಂಕಿ ಕಂಪ್ಯೂಟರಲ್ಲೇ ಬರ್ತಿತ್ತು." ಅವಳ ಕಣ್ಣು ತುಂಬಿತು. "ನಿಮ್ಮನ್ನ ನೋಡೋಕೆ ಬರ್ತಿದ್ದೆ. ಅದು ಯಾರಿಗಾದ್ರೂ ಗೊತ್ತಾಗಿಬಿಡುತ್ತೆ ಅಂತ ಹೆದರಿಯೇ ನಿಮ್ಮ ಮೇಲೆ ಬರೆದೆ. ಇದಕ್ಕಿಂತ ಕೆಟ್ಟ ಕಾರಣ ಇರಲಾರದು. ಆದ್ರೂ ನಿಜ ಅದೇ."

ಒಂದು ಲಾರಿ ಧೂಳೆಬ್ಬಿಸಿಕೊಂಡು ಹಾದುಹೋಯಿತು. ಧೂಳು ಇಳಿಯುವವರೆಗೂ ಇಬ್ಬರೂ ಕದಲಲಿಲ್ಲ.

"ಈಗ ನಮ್ಮಿಬ್ಬರಿಗೂ ಕೆಲಸ ಇಲ್ಲ" ಎಂದ.

"ಇಲ್ಲ."

"ನಂಗೆ ಸಿಟ್ಟು ಇನ್ನೂ ಇದೆ. ಸುಳ್ಳು ಹೇಳಲ್ಲ."

"ಇರಲಿ. ಅದು ಹೋಗೋವರೆಗೂ ಜೊತೆಗಿರ್ತೀನಿ."

"ಹೋದ ಮೇಲೆ?"

"ಆಮೇಲೂ."

ಅವನ ಮುಖದಲ್ಲಿ ನಗು ಬರಲಿಲ್ಲ. ಆದರೆ ಬಿಗಿದಿದ್ದ ದವಡೆ ಸಡಿಲಾಯಿತು. ಕೈ ಚಾಚಿ, ಅವಳು ಅವಚಿಕೊಂಡಿದ್ದ ವರದಿಯನ್ನು ತಾನು ತೆಗೆದುಕೊಂಡ.

"ಆ ಊರಿಗೆ ನಾಲ್ಕು ಮೈಲಿ ನಡೀಬೇಕು. ಆಗುತ್ತಾ?"

"ಆಗುತ್ತೆ."

"ಹಾಗಾದ್ರೆ ಬಿಸಿಲಲ್ಲಿ ನಿಲ್ಲಬೇಡ. ಈ ಕಡೆ ನೆರಳಿಗೆ ಬಾ."